ಹಗಲಲ್ಲಿ ಆರಿಸಿದ ಬೋರ್ಡು

ದಾರ, ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವ ಆ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು, ಅವರ ಮೊಮ್ಮಕ್ಕಳೂ ಅಕ್ಕ ಅನ್ನುತ್ತಿದ್ದರು. ಅಜ್ಜನಿಗೂ ಮೊಮ್ಮಗನಿಗೂ ಒಬ್ಬಳೇ ಅಕ್ಕ ಆಗುವುದು ಯಾವ ವಂಶಾವಳಿಗೂ ಹೊಂದುವ ಮಾತಲ್ಲ. ಆದರೆ ಕೌಂಟರಿನ ಹಿಂದೆ ನಿಂತವರಿಗೆ ವಯಸ್ಸಾಗುವುದು ಕೌಂಟರಿನ ಮುಂದೆ ನಿಂತವರ ಕಣ್ಣಿಗೆ ಬೀಳುವುದಿಲ್ಲ.

ಅವಳ ಕೆಲಸ ಬಣ್ಣ ಹೊಂದಿಸುವುದು. ಟೈಲರುಗಳು ಬಟ್ಟೆಯ ಚೂರು ತರುತ್ತಿದ್ದರು. ಗುಂಡಿ ಕಳಕೊಂಡವರು ಅಂಗಿಯನ್ನು ತೊಟ್ಟುಕೊಂಡೇ ಬಂದು ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತಿದ್ದರು. ಅಕ್ಕ ರೀಲಿನಿಂದ ಒಂದು ಗೇಣು ದಾರ ಎಳೆದು ಬಟ್ಟೆಯ ಮೇಲೆ ಅಡ್ಡ ಮಲಗಿಸುವಳು. ಕಣ್ಣು ಅರ್ಧ ಮುಚ್ಚಿ ಐದು ಎಣಿಸುವಷ್ಟು ಹೊತ್ತು ನೋಡುವಳು. ಆಮೇಲೆ ಪಕ್ಕದ ಬೂದು ಗೋಡೆಯನ್ನು ನೋಡಿ ಕಣ್ಣು ತೊಳೆದುಕೊಂಡು ಮತ್ತೊಮ್ಮೆ ನೋಡುವಳು. ಐದರ ಮೇಲೆ ಎಣಿಸಬಾರದು.

"ಜಾಸ್ತಿ ಹೊತ್ತು ನೋಡಿದ್ರೆ ಕಣ್ಣು ಹೊಂದ್ಕೊಂಡುಬಿಡುತ್ತೆ," ಅನ್ನುತ್ತಿದ್ದಳು. "ಗಂಡ ಹೆಂಡತಿ ಥರ. ವರ್ಷಗಟ್ಟಲೆ ಒಟ್ಟಿಗಿಟ್ಟು ನೋಡಿದ್ರೆ ಎಲ್ಲಾ ಜೋಡೀನೂ ಸರೀನೇ ಅನ್ಸುತ್ತೆ."

ಕಪ್ಪು ದಾರ ಕೊಡಿ ಎಂದವರಿಗೆ ಅವಳಿಂದ ಬರುತ್ತಿದ್ದುದು ದಾರವಲ್ಲ, ಪ್ರಶ್ನೆ. "ನನ್ನ ಹತ್ರ ಹನ್ನೊಂದು ಕಪ್ಪು ಇದೆ. ನಿಮ್ಮದು ಯಾವುದು?" ಬಂದವರು ಬಿಳಿಚಿಕೊಳ್ಳುತ್ತಿದ್ದರು. ಬಿಳಿಯಲ್ಲಿ ಎಷ್ಟಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಗಡಿ ಉತ್ತರಕ್ಕೆ ಮುಖ ಮಾಡಿತ್ತು. ಬಾಗಿಲ ಮೇಲೆ ಉದ್ದಕ್ಕೆ ಮೂರು ಗಾಜಿನ ವೆಂಟಿಲೇಟರು. ಅದರಿಂದ ಬಿಸಿಲು ಬರುತ್ತಿರಲಿಲ್ಲ, ಬೆಳಕು ಮಾತ್ರ ಬರುತ್ತಿತ್ತು; ಕೌಂಟರಿನ ಎಡತುದಿಯ ಎರಡು ಅಡಿ ಜಾಗದಲ್ಲಿ ಬಂದು ಕೂರುತ್ತಿತ್ತು. ಅಕ್ಕನ ಇಡೀ ವಿದ್ಯೆ ಆ ಎರಡು ಅಡಿಯಲ್ಲಿತ್ತು. ದೀಪದ ಕೆಳಗೆ ಬಣ್ಣ ನೋಡುವುದು ಆ ಮನೆತನದಲ್ಲಿ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಮಾತ್ರ ಕೆಳಗಿನ ಅಪರಾಧ. ಅಪ್ಪನ ಕಾಲದಿಂದ ನಡೆದುಬಂದ ನಿಯಮವೊಂದಿತ್ತು: ಸಂಜೆ ನಾಲ್ಕರ ಮೇಲೆ ಕಪ್ಪು ಇಲ್ಲ, ಕಡುನೀಲಿ ಇಲ್ಲ. "ನಾಳೆ ಬನ್ನಿ" ಎಂದರೆ ಗಿರಾಕಿಗಳು ತಕರಾರಿಲ್ಲದೆ ನಾಳೆ ಬರುತ್ತಿದ್ದರು.

ಅಪ್ಪನ ಕಣ್ಣಿಗೆ ಪೊರೆ ಬಂದ ವರ್ಷ ಅವಳು ಕೌಂಟರಿಗೆ ಬಂದವಳು. ಆಗ ಹತ್ತೊಂಬತ್ತು. ತಮ್ಮ ಇನ್ನೂ ಶಾಲೆಯ ಚೀಲ ಹೊರುತ್ತಿದ್ದ. ಅಪ್ಪ ಹೋಗುವ ಮುಂಚೆ ಅಂಗಡಿಯನ್ನು ತಮ್ಮನ ಹೆಸರಿಗೆ ಬರೆದರು, ಕೆಲಸವನ್ನು ಅಕ್ಕನಿಗೆ ಬಿಟ್ಟರು. ಎರಡನೆಯದಕ್ಕೆ ಕಾಗದ ಪತ್ರ ಬೇಕಾಗಲಿಲ್ಲ. ಊರಿನ ಬಟ್ಟೆಗೆಲ್ಲ ಜೋಡಿ ಹುಡುಕಿಕೊಟ್ಟವಳಿಗೆ ಒಂದು ಜೋಡಿ ಹುಡುಕಬೇಕೆಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಅವಳ ಮಟ್ಟಿಗೂ ನಾಲ್ಕು ಗಂಟೆ ದಾಟಿತ್ತು. ಅವಳೇನೂ ಅದನ್ನು ಹೇಳಿಕೊಂಡು ಅತ್ತವಳಲ್ಲ. ಮೂವತ್ತೊಂದು ವರ್ಷ ಒಂದೇ ಒಂದು ರೀಲೂ ಬಣ್ಣ ಹೊಂದಲಿಲ್ಲವೆಂದು ಹೊಸ್ತಿಲು ಹತ್ತಿ ವಾಪಸು ಬಂದಿರಲಿಲ್ಲ. ಅದಿಷ್ಟು ಸಾಕು ಅಂದುಕೊಂಡಿದ್ದಳು.

ಅಷ್ಟರಲ್ಲಿ ಬೀದಿಗೆ ಬೆಳಕು ಹತ್ತಿಕೊಂಡಿತು. ಎದುರಿನ ಔಷಧಿ ಅಂಗಡಿಯವನು ಹಸಿರು ಅಕ್ಷರ ಹಾಕಿಸಿದ. ಅದರ ಮೇಲಿನ ಜಿಮ್ಮಿನವನು ತೋಳು ಮಡಿಸುವ ಒಬ್ಬ ನೀಲಿ ಗಂಡಸನ್ನು ಹಾಕಿಸಿದ. ಆ ಗಂಡಸು ಸಂಜೆ ಆರರಿಂದ ಹತ್ತರವರೆಗೆ ದಣಿವಿಲ್ಲದೆ ತೋಳು ಮಡಿಸುತ್ತಿದ್ದ. ಎಡಬಲದ ಅಂಗಡಿಗಳಿಗೂ ದೀಪದ ಬೋರ್ಡು ಬಂತು. ಅಕ್ಕನ ಅಂಗಡಿಯ ಮೇಲೆ ಅಪ್ಪ ಬರೆಸಿದ ತಗಡು ಮಾತ್ರ ಇತ್ತು. ಆರು ಗಂಟೆ ಆದರೆ ಅಂಗಡಿ ಎರಡು ಹಲ್ಲುಗಳ ನಡುವೆ ಬಿದ್ದುಹೋದ ಹಲ್ಲಿನ ಜಾಗದ ಹಾಗೆ ಕಾಣುತ್ತಿತ್ತು.

"ನಾವೂ ಒಂದು ಲೈಟಿನ ಬೋರ್ಡ್ ಹಾಕಿಸೋಣ ಅಕ್ಕ," ಎಂದ ತಮ್ಮ ಒಂದು ದಿನ. "ಜನ ಕೆಲಸ ಮುಗಿಸಿ ಬರೋದೇ ಆರರ ಮೇಲೆ. ನಾವಿದ್ದೀವಿ ಅನ್ನೋದೇ ಗೊತ್ತಾಗಲ್ಲ."

"ಹಾಕ್ಸು. ನನ್ನನ್ಯಾಕೆ ಕೇಳ್ತೀಯ?"

"ಹೆಸರು ಏನು ಹಾಕ್ಸೋದು ಅಂತ."

"ಅಪ್ಪ ಬರೆಸಿದ್ದೇ ಇದೆಯಲ್ಲ. ದಾರ, ಗುಂಡಿ, ಲೈನಿಂಗ್."

"ಅದು ಹೆಸರಲ್ಲ, ಪಟ್ಟಿ." ತಮ್ಮ ನಕ್ಕ. "ಜನ ಏನಂತಾರೆ? ಅಕ್ಕನ ಅಂಗಡಿ ಅಂತಾರೆ. ‘ಅಕ್ಕ’ ಅಂತ ಎರಡೇ ಅಕ್ಷರ, ಆಳೆತ್ತರಕ್ಕೆ. ಬಣ್ಣ ನೀನೇ ಆರಿಸು. ಬಣ್ಣದ ವಿಷಯದಲ್ಲಿ ನಿನಗಿಂತ ಬೇರೆ ಯಾರು?"

ಅಕ್ಕ ಗುಂಡಿಯ ಡಬ್ಬಿಯನ್ನು ಒರೆಸಿದಳು. ಆಮೇಲೆ ಒರೆಸಿದ ಡಬ್ಬಿಯನ್ನೇ ಮತ್ತೆ ಒರೆಸಿದಳು. ಅವಳ ಹೆಸರಿಗೆ ಈವರೆಗೆ ಬಂದಿದ್ದ ಆಸ್ತಿಯೆಂದರೆ ಒಂದು ರೇಷನ್ ಕಾರ್ಡಿನ ಮೂರನೆಯ ಸಾಲು.

ಬೋರ್ಡಿನವನು ಬಂದ. ಕೀಲಿಗೊಂಚಲಿನ ಹಾಗೆ ಪೋಣಿಸಿದ ಬಣ್ಣಬಣ್ಣದ ಅಕ್ರಿಲಿಕ್ ತುಂಡುಗಳ ಒಂದು ಬಳೆ, ಬ್ಯಾಟರಿಯ ದೀಪವಿದ್ದ ಒಂದು ಪುಟ್ಟ ಪೆಟ್ಟಿಗೆ, ತಲೆಯ ಮೇಲೆ ಹೆಲ್ಮೆಟ್ಟು. ಹೆಲ್ಮೆಟ್ಟು ತೆಗೆಯದೆಯೇ ಮಾತಿಗೆ ಶುರುಮಾಡಿದ.

"ನೋಡಿ ಮೇಡಂ, ಇದು ಹಗಲಲ್ಲಿ ಹೀಗಿರುತ್ತೆ. ಹಿಂದಿಂದ ಲೈಟ್ ಬಿದ್ರೆ ಬೇರೆ. ಈ ಪೆಟ್ಟಿಗೆ ಮೇಲಿಟ್ಟು ನೋಡ್ಬೇಕು."

"ದೀಪದಲ್ಲಿ ಬಣ್ಣ ನೋಡೋದು ನಮ್ಮಲ್ಲಿಲ್ಲ," ಎಂದಳು ಅಕ್ಕ.

"ಅದಲ್ಲ ಮೇಡಂ, ಇದು ದೀಪದ್ದೇ ಬೋರ್ಡು."

"ಅವಳಿಗೆ ಗೊತ್ತು ಬಿಡಪ್ಪ," ಎಂದ ತಮ್ಮ. ಅವನೂ ಅದೇ ಕೌಂಟರಿನ ಕೆಳಗೆ ಅಂಬೆಗಾಲಿಟ್ಟು ಬೆಳೆದವನು. ಒಳಗಿನಿಂದ ಬಂದ ಅವನ ಹೆಂಡತಿಯೂ, "ಹಗಲಲ್ಲಿ ಸರಿಯಾಗಿದ್ರೆ ಎಲ್ಲಾದ್ರೂ ಸರಿಯಾಗಿರುತ್ತೆ," ಎಂದಳು. ಬಣ್ಣ ಹೊಂದಿಸುವವರ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ. ಬೋರ್ಡಿನವನು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡ. ಅವನ ಬಾಯಿಗೆ ಬಂದದ್ದನ್ನೂ ಅದರ ಜೊತೆಗೇ ಹಾಕಿಕೊಂಡಂತೆ ಕಂಡಿತು.

ಮೂರು ದಿನ ಅಕ್ಕ ಆ ಬಳೆಯನ್ನು ಹಿಡಿದು ಹೊಸ್ತಿಲಲ್ಲಿ ನಿಂತಳು. ಬೆಳಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ. ಮೋಡವಿದ್ದಾಗ ನೋಡಿದಳು, ಮೋಡ ಹರಿದಾಗ ನೋಡಿದಳು. ಪ್ರತಿ ತುಂಡಿನ ಮೇಲೂ ದಾರ ಅಡ್ಡ ಮಲಗಿಸಿ, ಐದು ಎಣಿಸಿ, ಗೋಡೆ ನೋಡಿ, ಮತ್ತೆ ನೋಡಿದಳು. ಕೊನೆಗೆ ಕಡುನೇರಳೆಯ ಒಂದು ತುಂಡನ್ನು ಆರಿಸಿದಳು: ಕೆಂಪಿಗೆ ವಾಲದ, ನೀಲಿಗೂ ಬೀಳದ, ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತ ಬಣ್ಣ. ತನ್ನ ಹೆಸರಿಗೆ ಇದೇ ಸರಿ ಅನ್ನಿಸಿತು. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಬೋರ್ಡಿನವನು ಒಂದು ನಕ್ಷೆ ತಂದು ಸಹಿ ಕೇಳಿದ. ನಕ್ಷೆಯಲ್ಲಿ ಒಂದು ಆಯತ, ಆಯತದೊಳಗೆ ಎರಡು ಅಕ್ಷರ, ಪಕ್ಕದಲ್ಲಿ ಅಳತೆಗಳು. ಅಕ್ಕ ಅಳತೆ ನೋಡಲಿಲ್ಲ. ನಕ್ಷೆಗೆ ಅಂಟಿಸಿದ್ದ ಬಣ್ಣದ ಚೂರನ್ನು ಹೊಸ್ತಿಲಿಗೆ ಒಯ್ದು, ತಾನು ಆರಿಸಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡಿ, ಹೊಂದುತ್ತದೆಂದು ಖಾತ್ರಿಯಾದ ಮೇಲೆ ಸಹಿ ಹಾಕಿದಳು.

ಒಂದು ಸಂಜೆ ಆರೂವರೆಗೆ ಸ್ವಿಚ್ಚು ಒತ್ತಿದರು. ತಮ್ಮ, ಅವನ ಹೆಂಡತಿ, ಅಕ್ಕ, ಮೂವರೂ ಬೀದಿಯ ಆಚೆಬದಿಗೆ ಹೋಗಿ ನಿಂತಿದ್ದರು.

ಕಡುನೇರಳೆ ಎಲ್ಲೂ ಇರಲಿಲ್ಲ. ಅದರ ಜಾಗದಲ್ಲಿ ಗುಲಾಬಿ ಇತ್ತು. ಗುಲಾಬಿ ಹೂವಿನದಲ್ಲ, ಮಕ್ಕಳು ಅಗಿದು ಬೆಂಚಿನ ಕೆಳಗೆ ಅಂಟಿಸುವ ಗಮ್ಮಿನದು. ಆಳೆತ್ತರದ ಎರಡು ಅಕ್ಷರ ಅಂಗಡಿಯ ಮುಖದ ಮೇಲೆ ಹಲ್ಲುಕಿರಿದು ನಿಂತಿದ್ದವು. ಫುಟ್‌ಪಾತು ಗುಲಾಬಿ, ಹೊಸ್ತಿಲು ಗುಲಾಬಿ, ಹಾದುಹೋದ ಒಬ್ಬ ಪೋಸ್ಟಿನವನ ಖಾಕಿ ಅಂಗಿಯೂ ಗುಲಾಬಿ.

"ಬ್ಯೂಟಿ ಪಾರ್ಲರಾ?" ಎಂದು ಜಿಮ್ಮಿನಿಂದ ಇಳಿದು ಬಂದವನೊಬ್ಬ ಔಷಧಿ ಅಂಗಡಿಯವನನ್ನು ಕೇಳಿದ.

ತಮ್ಮ ತಲೆ ಹಿಂದಕ್ಕೆ ವಾಲಿಸಿ ಬೋರ್ಡನ್ನು ನೋಡಿದ. "ಕಣ್ಣಿಗೆ ಹೊಡೆಯುತ್ತೆ. ಅದೇ ಬೇಕಲ್ಲ," ಎಂದ. ಅವನ ಹೆಂಡತಿ ಅಕ್ಕನ ಮುಖ ನೋಡಲಿಲ್ಲ. ನೋಡದಿರುವುದನ್ನು ಅಕ್ಕ ನೋಡಿದಳು.

ಮಾರನೆಯ ದಿನ ಬೆಳಗ್ಗೆ ಶಟರ್ ಎತ್ತಿ ಒಳಗೆ ಬಂದಾಗ ಮೋಡ ಕವಿದಿದೆ ಅಂದುಕೊಂಡಳು. ಹೊರಗೆ ಹೋಗಿ ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ತಿರುಗಿ ಒಳಗೆ ಬಂದು ತಲೆ ಎತ್ತಿದಳು. ವೆಂಟಿಲೇಟರಿನ ಮೂರು ಗಾಜುಗಳ ಹಿಂದೆ ಆಕಾಶದ ಬದಲು ಬೋರ್ಡಿನ ಬೆನ್ನಿತ್ತು. ಅಕ್ಕನ ಹೆಸರು ಅಕ್ಕನ ಬೆಳಕಿಗೆ ಬೆನ್ನು ಕೊಟ್ಟು ಕೂತಿತ್ತು.

"ಆರು ಟ್ಯೂಬ್‌ಲೈಟ್ ಹಾಕ್ಸಿದ್ದೀನಲ್ಲ," ಎಂದ ತಮ್ಮ. "ಮುಂಚೆಗಿಂತ ಜಾಸ್ತೀನೇ ಬೆಳಕಿದೆ."

"ಬೆಳಕಿದೆ. ಆದ್ರೆ ಸುಳ್ಳು ಹೇಳುತ್ತೆ. ಎರಡಡಿ ಮೇಲಕ್ಕೆ ಹಾಕ್ಸೋ ಬೋರ್ಡನ್ನ."

"ಮೇಲೆ ಮಹಡಿ ಮನೆಯವರ ಕಿಟಕಿ ಇದೆ. ಒಪ್ತಾರಾ? ನೀನೇ ಸಹಿ ಹಾಕಿದ್ದು ಅಕ್ಕ."

ಅದು ನಿಜ. ಅವನು ಚುಚ್ಚಲೆಂದು ಹೇಳಿದ್ದಲ್ಲ, ನಿಜವನ್ನು ಹೇಳಿದ. ಚುಚ್ಚಲೆಂದು ಹೇಳಿದ್ದರೆ ಅವಳಿಗೆ ತಿರುಗಿ ಹೇಳಲು ಏನಾದರೂ ಸಿಗುತ್ತಿತ್ತು.

ಬೋರ್ಡು ತನ್ನ ಕೆಲಸವನ್ನಂತೂ ಮಾಡಿತು. ಸಂಜೆ ಹೊತ್ತು ಹೊಸ ಮುಖಗಳು ಬರತೊಡಗಿದವು. ಒಂದಿಬ್ಬರು ಹುಬ್ಬು ತೀಡಿಸಲು ಬಂದು ಜಿಪ್ಪು ಕೊಂಡು ಹೋದರು. ಹಗಲಲ್ಲಿ ಬಂದವರನ್ನು ಅಕ್ಕ ಫುಟ್‌ಪಾತಿಗೆ ಕರಕೊಂಡು ಹೋಗಿ, ಸ್ಕೂಟರುಗಳ ಸಾಲಿನ ನಡುವೆ ನಿಂತು ಬಣ್ಣ ಹೊಂದಿಸಿಕೊಡುತ್ತಿದ್ದಳು. ಆರರ ಮೇಲೆ ಬಂದವರಿಗೆ, "ಕಡುನೀಲಿ ಈಗ ಇಲ್ಲ, ನಾಳೆ ಬನ್ನಿ" ಎಂದಳು. ಹೊಸಬರು ನಾಳೆ ಬರುವವರಲ್ಲ. ಹೆಗಲು ಕುಣಿಸಿ ಹೋದರು.

"ಬೋರ್ಡ್ ಹಾಕ್ಸಿದ್ದೇ ಸಂಜೆ ಜನಕ್ಕೆ. ಬಾ ಅಂತ ಬೋರ್ಡ್ ಕರೆಯುತ್ತೆ, ಹೋಗು ಅಂತ ನೀನು ಕಳಿಸ್ತೀಯ," ಎಂದ ತಮ್ಮ. "ಯಾರು ಹೇಳಿದ್ದು ಕೇಳ್ಬೇಕು ಅವರು? ಎರಡೂ ಅಕ್ಕನೇ."

ಹೀಗೆ ತಿಂಗಳೊಪ್ಪತ್ತು ನಡೆದ ಮೇಲೆ ಒಂದು ಸಂಜೆ ಕೋಟಿನ ಟೈಲರ್ ಬಂದರು. ಅಪ್ಪನ ಕಾಲದವರು, ಕೋಟು ಬಿಟ್ಟು ಬೇರೇನೂ ಹೊಲಿಯದವರು. ಒಂದು ಹೋಟೆಲಿನ ಕೆಲಸಗಾರರಿಗೆ ಇಪ್ಪತ್ತನಾಲ್ಕು ಕಡುನೀಲಿ ಕೋಟು, ಮರುದಿನ ಮಧ್ಯಾಹ್ನಕ್ಕೆ ಒಪ್ಪಿಸಬೇಕು, ಕಾಲರಿನ ಮೇಲೆ ಹೊರಗೆ ಕಾಣುವ ಹೊಲಿಗೆಗೆ ಮಾತ್ರ ದಾರ ಉಳಿದಿರಲಿಲ್ಲ.

"ಮಾಸ್ಟ್ರೇ, ಗಂಟೆ ಆರು," ಎಂದಳು ಅಕ್ಕ.

"ಗೊತ್ತಮ್ಮ. ಆದ್ರೆ ನಾಳೆ ಬೆಳಗ್ಗೆ ಬಂದ್ರೆ ನಾನು ನಾಳೆ ರಾತ್ರಿ ಒಪ್ಪಿಸ್ಬೇಕಾಗುತ್ತೆ. ನೀವು ನೋಡಿ ಕೊಟ್ರೆ ಸಾಕು."

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ತಮ್ಮ ತಲೆ ಎತ್ತಿ ನೋಡಿದ. ಅಕ್ಕ ನಾಲ್ಕು ರೀಲು ತೆಗೆದಳು. ಟ್ಯೂಬ್‌ಲೈಟಿನ ಕೆಳಗೆ ನೋಡಿದಳು, ಹೊಸ್ತಿಲಿಗೆ ಹೋಗಿ ನೋಡಿದಳು, ಫುಟ್‌ಪಾತಿಗೆ ಇಳಿದು ನೋಡಿದಳು. ಎಲ್ಲಿ ಹೋದರೂ ಅವಳ ಹೆಸರು ಗುಲಾಬಿಯಾಗಿ ಮೈಮೇಲೆ ಬೀಳುತ್ತಿತ್ತು. ಐದು ಎಣಿಸುವ ಬದಲು ಇಪ್ಪತ್ತು ಎಣಿಸಿದಳು. ಇಪ್ಪತ್ತು ಎಣಿಸಿದಾಗ ಒಂದು ರೀಲು ಸರಿ ಅನ್ನಿಸಿತು. ಕೊಟ್ಟಳು.

ಮೂರನೆಯ ದಿನ ಕೋಟಿನ ಟೈಲರ್ ಒಂದು ಕೋಟನ್ನು ತಂದು ಕೌಂಟರಿನ ಮೇಲೆ ಹಾಸಿದರು. ಅಕ್ಕ ಅದನ್ನೆತ್ತಿಕೊಂಡು ಬಿಸಿಲಿಗೆ ಹೋದಳು. ಕಡುನೀಲಿ ಕಾಲರಿನ ಉದ್ದಕ್ಕೂ ಬದನೆಕಾಯಿ ಬಣ್ಣದ ಹೊಲಿಗೆ, ಬಾಸುಂಡೆ ಎದ್ದ ಹಾಗೆ. ಒಂದೊಂದು ಹೊಲಿಗೆಯನ್ನೂ ದೂರದಿಂದ ಎಣಿಸಬಹುದಿತ್ತು.

"ಇಪ್ಪತ್ತನಾಲ್ಕೂ?"

"ಇಪ್ಪತ್ತನಾಲ್ಕೂ. ಬೇರೆಯವರು ಕೊಟ್ಟಿದ್ರೆ ಹೊಲಿಯೋ ಮುಂಚೆ ಒಂದ್ಸಲ ನೋಡ್ತಿದ್ದೆ ಅಕ್ಕ. ನೀವು ಕೊಟ್ರಲ್ಲ ಅಂತ ನೋಡ್ಲೇ ಇಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಹೊಲಿಗೆಯನ್ನೆಲ್ಲ ತಾನೇ ಬಿಚ್ಚಿಕೊಡುತ್ತೇನೆಂದು ಅಕ್ಕ ಹಟ ಹಿಡಿದಳು. ನಾಲ್ಕು ದಿನ ಅವರ ಅಂಗಡಿಯ ಕಿಟಕಿಯ ಪಕ್ಕ ಕೂತು ಒಂದೊಂದೇ ಎಳೆ ಕಿತ್ತಳು. ಅಲ್ಲಿ ಬೆಳಕು ಚೆನ್ನಾಗಿತ್ತು.

ಮನೆಯಲ್ಲಿ ಆ ವಿಷಯ ಊಟದ ಹೊತ್ತಿಗೆ ಬಂತು. "ಬೋರ್ಡಿಂದ ಆದದ್ದು," ಎಂದಳು ಅಕ್ಕ. "ಇಳಿಸು ಅಂತ ಹೇಳ್ತಾ ಇಲ್ಲ. ಎರಡಡಿ ಎತ್ತು. ಇಲ್ಲಾ, ಬಣ್ಣ ಬದಲಾಯ್ಸು."

ತಮ್ಮನ ಹೆಂಡತಿ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲಿಟ್ಟಳು. "ತಪ್ಪು ತಿಳ್ಕೋಬೇಡಿ ಅಕ್ಕ. ಬೋರ್ಡಿನ ಬಣ್ಣಾನೂ ನೀವೇ ಆರಿಸಿದ್ದಲ್ವಾ? ಆಗ ಬೆಳಕಿಗೆ ಅಡ್ಡ ಇನ್ನೂ ಬೋರ್ಡ್ ಇರ್ಲಿಲ್ಲವಲ್ಲ."

ಆ ಮಾತಿನಲ್ಲಿ ಎಲ್ಲೂ ತೂತಿರಲಿಲ್ಲ. ಅಕ್ಕ ಹುಡುಕಿದಳು. ಹಗಲಲ್ಲಿ ಆರಿಸಬಾರದಿತ್ತು ಎಂದರೆ ಮೂವತ್ತೊಂದು ವರ್ಷದ ವಿದ್ಯೆ ತಪ್ಪು ಎಂದ ಹಾಗೆ. ಕಣ್ಣು ಸರಿಯಾಗಿತ್ತು ಎಂದರೆ ಎದುರಿಗೆ ಆ ಗುಲಾಬಿ ಬೋರ್ಡು ಸಾಕ್ಷಿ ಹೇಳಲು ತಯಾರಾಗಿ ನಿಂತಿತ್ತು. ತಟ್ಟೆಯಲ್ಲಿದ್ದುದನ್ನು ತಿಂದು ಎದ್ದಳು.

"ಒಂದ್ಸಲ ಕಣ್ಣು ತೋರ್ಸೋಣ," ಎಂದ ತಮ್ಮ, ಮೃದುವಾಗಿಯೇ.

ಕಣ್ಣಿನ ಡಾಕ್ಟರು ಚುಕ್ಕೆಗಳ ಪುಸ್ತಕ ತೋರಿಸಿದರು, ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಲು ಹೇಳಿದರು. ಅಕ್ಕ ಜೋಡಿಸಿ, ಒಂದು ಬಿಲ್ಲೆ ಮಾಸಿದೆ, ಬದಲಾಯಿಸಿ ಎಂದು ಅವರಿಗೇ ಹೇಳಿದಳು. ಡಾಕ್ಟರು ನಕ್ಕು, "ವಯಸ್ಸಿಗೆ ಬಹಳ ಚೆನ್ನಾಗಿದೆ" ಎಂದರು. ಆ ಮೂರು ಪದಗಳಲ್ಲಿ ತಮ್ಮ ಮೊದಲನೆಯದನ್ನು ಮಾತ್ರ ಮನೆಗೆ ತಂದ.

ಮುಂದಿನ ವಾರ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ಬಂತು. ಬಟ್ಟೆಯ ಮೇಲಿಟ್ಟು ಒತ್ತಿದರೆ ಮೊಬೈಲಿನಲ್ಲಿ ಒಂದು ನಂಬರು ಬರುತ್ತಿತ್ತು, ಆ ನಂಬರಿನ ರೀಲು ಕೊಟ್ಟರಾಯಿತು. ಅದರ ಜೊತೆ ಒಬ್ಬ ಹುಡುಗಿಯೂ ಕೆಲಸಕ್ಕೆ ಬಂದಳು. ಇಪ್ಪತ್ತೆರಡು ವರ್ಷ, ಚುರುಕು ಕೈ, ಯಾರೊಂದಿಗೂ ಒರಟು ಮಾತಿಲ್ಲ. "ಒಂದು ತಿಂಗಳು ನೀನೇ ಕಲಿಸಿಕೊಡು ಅಕ್ಕ. ಆಮೇಲೆ ಒಳಗಿನ ರೂಮಲ್ಲಿ ಗುಂಡಿ ವಿಂಗಡಿಸೋದಿದೆಯಲ್ಲ, ಕೂತ್ಕೊಂಡು ಮಾಡೋ ಕೆಲಸ," ಎಂದ ತಮ್ಮ. ಮೂವತ್ತೊಂದು ವರ್ಷ ನಿಂತವಳಿಗೆ ಕೂರಲು ಹೇಳುವುದನ್ನು ಯಾರೂ ಅನ್ಯಾಯ ಎನ್ನಲಾರರು.

ಅಕ್ಕ ಕಲಿಸಿದಳು. ಏನನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ಬೆಳಗ್ಗೆ ಹುಡುಗಿಯನ್ನು ಫುಟ್‌ಪಾತಿಗೆ ಕರೆದು ಹನ್ನೊಂದು ಕಪ್ಪುಗಳನ್ನು ಸಾಲಾಗಿ ಹಿಡಿದಳು.

"ಎಲ್ಲಾ ಒಂದೇ ಥರ ಇದೆಯಲ್ಲ ಆಂಟಿ," ಎಂದಳು ಹುಡುಗಿ.

ಆಂಟಿ ಎಂಬ ಪದ ಅಂಗಡಿಯೊಳಗೆ ಕೇಳಿಸಿದ್ದು ಅದೇ ಮೊದಲು. ಅಕ್ಕ ಒಂದು ಕ್ಷಣ ಬೇರೆ ಯಾರಾದರೂ ಬಂದರೇನೋ ಎಂದು ಹಿಂದೆ ತಿರುಗಿ ನೋಡಿದಳು.

"ಕಣ್ಣು ಅರ್ಧ ಮುಚ್ಚು. ಇದು ಹಸಿರಿನ ಕಡೆಯಿಂದ ಬಂದ ಕಪ್ಪು. ಇದು ಕಂದಿನ ಕಡೆಯಿಂದ ಬಂದದ್ದು."

"ಇದರ ನಂಬರ್ ಎಷ್ಟು?"

"ನಂಬರ್ ಆಮೇಲೆ. ಮೊದಲು ನೋಡು."

ಹುಡುಗಿ ಪಾಪ ನೋಡಿದಳು. ಐದು ಎಣಿಸಿದಳು ಕೂಡ. ಆಮೇಲೆ ಜೇಬಿನಿಂದ ಯಂತ್ರ ತೆಗೆದು ಒಂದೊಂದರ ಮೇಲೂ ಇಟ್ಟು ನಂಬರು ಬರೆದುಕೊಂಡಳು. ಹನ್ನೊಂದು ಕಪ್ಪಿಗೆ ಏಳು ನಂಬರು ಬಂತು. ಉಳಿದ ನಾಲ್ಕು ಕಪ್ಪು ಅಂದಿನಿಂದ ಲೋಕದಲ್ಲಿ ಇಲ್ಲವಾದವು.

ತಿಂಗಳು ಮುಗಿಯಿತು. ಒಂದು ಬೆಳಗ್ಗೆ ಅಕ್ಕ ಕೌಂಟರಿನ ಎಡತುದಿಯಲ್ಲಿ ತನ್ನ ಕತ್ತರಿ, ಟೇಪು, ಕನ್ನಡಕದ ಡಬ್ಬಿಗಳನ್ನು ಒಟ್ಟುಮಾಡುತ್ತಿದ್ದಾಗ ಒಬ್ಬ ಹೆಂಗಸು ಬಾದಾಮಿ ಬಣ್ಣದ ಬಟ್ಟೆಯ ಚೂರು ಹಿಡಿದು ಬಂದಳು. ಹೊಸಬಳು. ಬಾಗಿಲ ಮೇಲಿನ ಎರಡಕ್ಷರ ಓದಿ, ಒಳಗೆ ಇಬ್ಬರನ್ನು ನೋಡಿ, ಕೌಂಟರಿನ ನಡುವೆ ನಿಂತವಳನ್ನು ಕೇಳಿದಳು.

"ಅಕ್ಕ, ಇದಕ್ಕೆ ಹೊಂದೋ ದಾರ ಕೊಡ್ತೀರಾ?"

"ಕೊಡ್ತೀನಿ ಮೇಡಂ," ಎಂದಳು ಹುಡುಗಿ. ಮತ್ತೆ ಎಡಗಡೆ ತಿರುಗಿ, "ಆಂಟಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ, ರೀಲು ತೆಗೀಬೇಕು," ಎಂದಳು. ವಿನಯವಾಗಿಯೇ ಹೇಳಿದಳು. ಅಕ್ಕ ಪಕ್ಕಕ್ಕೆ ಬಂದಳು.

ಯಂತ್ರ ನಂಬರು ಹೇಳಿತು. ಹುಡುಗಿ ರೀಲು ತೆಗೆದು ಚೂರಿನ ಪಕ್ಕ ಇಟ್ಟಳು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು. ಆದರೆ ಆ ಬಾದಾಮಿಯ ಹಿಂದೆ ಒಂಚೂರು ಕೆಂಪಿತ್ತು, ದಾರದ ಹಿಂದೆ ಒಂಚೂರು ಹಳದಿ. ಅದನ್ನು ಹೇಳಲು ಅಕ್ಕನಿಗೆ ಬೆಳಕೂ ಬೇಕಿರಲಿಲ್ಲ. ಆ ರೀಲನ್ನು ಅವಳು ಹುಟ್ಟಿನಿಂದ ಬಲ್ಲಳು. ಬಾಯಿ ತೆರೆದಳು. ಗಲ್ಲಾಪೆಟ್ಟಿಗೆಯ ಮುಂದಿದ್ದ ತಮ್ಮ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಮನೆಗೆ ಬಂದವರೆದುರು ಅಜ್ಜಿ ಏನು ಮಾತಾಡಿಬಿಡುತ್ತಾಳೋ ಎಂದು ನೋಡುವವರ ಹಾಗೆ, ಸ್ವಲ್ಪ ನಾಚಿಕೆ, ಸ್ವಲ್ಪ ಬೇಡಿಕೆ.

ಅಕ್ಕ ಬಾಯಿ ಮುಚ್ಚಿದಳು. ಕತ್ತರಿಯನ್ನು ಕನ್ನಡಕದ ಡಬ್ಬಿಯ ಮೇಲಿಟ್ಟಳು.

"ಥ್ಯಾಂಕ್ಸ್ ಅಕ್ಕ," ಎಂದು ಹುಡುಗಿಗೆ ಹೇಳಿ ಹೆಂಗಸು ಹೊಸ್ತಿಲು ದಾಟಿದಳು. ಹೊರಗೆ ಹತ್ತೂವರೆಯ ನಿಚ್ಚಳ ಬೆಳಕಿತ್ತು. ದಾರ ಒಂದು ಕೈಯಲ್ಲಿ, ಬಟ್ಟೆ ಇನ್ನೊಂದು ಕೈಯಲ್ಲಿ. ಎರಡನ್ನೂ ಹತ್ತಿರ ತಂದು ಒಮ್ಮೆ ನೋಡಿದ್ದರೆ ಸಾಕಿತ್ತು, ಯಾರಿಗಾದರೂ ಗೊತ್ತಾಗುತ್ತಿತ್ತು. ಅಕ್ಕ ಬಾಗಿಲವರೆಗೆ ಬಂದು ನಿಂತು ನೋಡಿದಳು. ಹೆಂಗಸು ಬೀದಿಯ ಕೊನೆಯವರೆಗೂ ಬಿಸಿಲಿನಲ್ಲೇ ನಡೆದುಹೋದಳು; ಒಮ್ಮೆಯೂ ಕೈ ನೋಡಿಕೊಳ್ಳಲಿಲ್ಲ.